ಅಸಲು ಕರಗಬೇಕು: ಸಾಲ ತೀರಿಸುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೆಡಿಟ್ ಕಾರ್ಡ್, ವೈಯಕ್ತಿಕ ಸಾಲ, ವಾಹನ ಸಾಲ, ಕೈಸಾಲ ಇಂಥವುಗಳಿಗೆ ತಿಂಗಳು ತಿಂಗಳು ಕಂತು ಕಟ್ಟುತ್ತಾ, ಆದರೂ ಸಾಲ ಇಳಿಯುತ್ತಿಲ್ಲವಲ್ಲ ಎಂದು ಚಿಂತೆಯಲ್ಲಿರುವವರಿಗಾಗಿ ಈ ಪುಟ. ಉದಾಹರಣೆಯ ಮೊತ್ತಗಳಿಗೆ ಯಾವ ನಾಣ್ಯದ ಹೆಸರನ್ನೂ ಹಾಕಿಲ್ಲ, ಲೆಕ್ಕ ಎಲ್ಲ ಕಡೆಯೂ ಒಂದೇ. ಕಾನೂನು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಆ ಮಾತು ಬಂದ ಕಡೆ ನಿಮ್ಮಲ್ಲಿಯ ನಿಯಮವನ್ನು ಒಮ್ಮೆ ವಿಚಾರಿಸಿಕೊಳ್ಳಿ.

ಒಟ್ಟು ಎಷ್ಟು ಸಾಲವಿದೆ ಎಂದು ನೋಡುವುದಕ್ಕೇ ಭಯವಾಗುತ್ತದೆ. ಎಲ್ಲಿಂದ ಶುರು ಮಾಡಲಿ?

ಒಂದು ಹಾಳೆಯಿಂದ. ಪ್ರತಿ ಸಾಲಕ್ಕೂ ಒಂದು ಸಾಲು ಬರೆಯಿರಿ: ಯಾರಿಗೆ ಕೊಡಬೇಕು, ಇವತ್ತಿನ ಬಾಕಿ, ವರ್ಷದ ಬಡ್ಡಿ ದರ, ತಿಂಗಳ ಕಂತು, ಕಂತಿನ ತಾರೀಖು, ಏನಾದರೂ ಅಡವಿಟ್ಟಿದ್ದೀರಾ, ಜಾಮೀನು ಯಾರದು, ಅವಧಿಗೆ ಮೊದಲೇ ತೀರಿಸಿದರೆ ಶುಲ್ಕವಿದೆಯೇ. ಕೊನೆಯಲ್ಲಿ ಇನ್ನೊಂದು ಅಂಕಿ ಸೇರಿಸಿ. ಬಾಕಿಯನ್ನು ಬಡ್ಡಿ ದರದಿಂದ ಗುಣಿಸಿ 1,200ರಿಂದ ಭಾಗಿಸಿ. 60,000 ಬಾಕಿ, ಶೇ. 36 ದರ ಎಂದರೆ ತಿಂಗಳಿಗೆ 1,800. ಏನನ್ನೂ ಕೊಳ್ಳದೆ, ಏನನ್ನೂ ಮಾಡದೆ ಈ ತಿಂಗಳು ಆ ಸಾಲ ನಿಮ್ಮಿಂದ ತೆಗೆದುಕೊಳ್ಳುವ ಹಣ ಅದು. ಹಾಳೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿಯೂ ಅದೇ.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಉಳಿದ ಕಂತುಗಳನ್ನೆಲ್ಲ ಕೂಡಿಸಿ ಅದನ್ನೇ ಬಾಕಿ ಎಂದು ಬರೆದುಬಿಡುತ್ತಾರೆ. ಅದರೊಳಗೆ ಇನ್ನೂ ಹುಟ್ಟಿರದ ಬಡ್ಡಿಯೂ ಸೇರಿರುತ್ತದೆ. ಬೇಕಾದದ್ದು ಇವತ್ತೇ ಖಾತೆ ಮುಚ್ಚಿದರೆ ಎಷ್ಟು ಕೊಡಬೇಕು ಎಂಬ ಮೊತ್ತ. ಸಾಲ ಕೊಟ್ಟ ಸಂಸ್ಥೆಯನ್ನು ಕೇಳಿದರೆ ಅದನ್ನು ಬರಹದಲ್ಲೇ ಕೊಡುತ್ತದೆ. ಬರೆಯುವಾಗ ಮರೆತುಹೋಗುವ ಸಾಲಗಳೂ ಇವೆ: ಸಂಬಳದ ಮುಂಗಡ, ಈಗ ಕೊಂಡು ಆಮೇಲೆ ಕಟ್ಟುವ ಸಣ್ಣ ಕಂತುಗಳು, ಅಂಗಡಿಯ ಉದ್ರಿ, ಗೆಳೆಯರ ಕೈಸಾಲ. ನಿಮ್ಮ ಹೆಸರಲ್ಲಿರುವ ಸಾಲಗಳನ್ನೂ ಅವುಗಳ ಪಾವತಿಯನ್ನೂ ದಾಖಲಿಸುವ ಕ್ರೆಡಿಟ್ ವರದಿಯನ್ನು ತರಿಸಿ ಹಾಳೆಯ ಜೊತೆ ಹೋಲಿಸಿದರೆ ಬಿಟ್ಟುಹೋದದ್ದು, ನಿಮಗೆ ಸೇರದೆಯೂ ನಿಮ್ಮ ಹೆಸರಲ್ಲಿ ಕೂತಿರುವುದು ಎರಡೂ ಕಣ್ಣಿಗೆ ಬೀಳುತ್ತವೆ.

ತಪ್ಪದೆ ಕಟ್ಟುತ್ತಿದ್ದೇನೆ. ಆದರೂ ಕಾರ್ಡಿನ ಬಾಕಿ ಯಾಕೆ ಇಳಿಯುತ್ತಿಲ್ಲ?

ನೀವು ಕಟ್ಟಿದ ಹಣ ಮೊದಲು ಶುಲ್ಕಕ್ಕೆ, ಆಮೇಲೆ ಬಡ್ಡಿಗೆ, ಉಳಿದರೆ ಮಾತ್ರ ಅಸಲಿಗೆ ಜಮಾ ಆಗುವುದೇ ಸಾಮಾನ್ಯ ಪದ್ಧತಿ. ಅಸಲಿಗೆ ತಲುಪದ ಹಣ ಎಷ್ಟೇ ಇರಲಿ, ಅದರಿಂದ ಸಾಲ ತೀರುವುದಿಲ್ಲ. ಈ ಪುಟದ ಉಳಿದ ಉತ್ತರಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಲೆಕ್ಕ ಹಾಕಿ ನೋಡೋಣ. 1,00,000 ಬಾಕಿ, ತಿಂಗಳಿಗೆ ಶೇ. 3 ಬಡ್ಡಿ. ಬಡ್ಡಿ ಸೇರಿಸಿದ ಬಾಕಿಯ ಶೇ. 5ರಷ್ಟನ್ನು ಕನಿಷ್ಠ ಮೊತ್ತವೆಂದು ಕಟ್ಟುತ್ತಾ ಬಂದಿರಿ, ಹೊಸದಾಗಿ ಏನನ್ನೂ ಕೊಳ್ಳಲಿಲ್ಲ ಎನ್ನಿ. ಮೊದಲ ತಿಂಗಳು 5,150 ಕಟ್ಟುತ್ತೀರಿ, ಅದರಲ್ಲಿ 3,000 ಬಡ್ಡಿ, ಅಸಲಿಗೆ ಹೋಗುವುದು 2,150. ಒಂದು ವರ್ಷ ಮುಗಿಯುವ ಹೊತ್ತಿಗೆ ಸುಮಾರು 55,000 ಕಟ್ಟಿರುತ್ತೀರಿ, ಬಾಕಿ ಇನ್ನೂ 77,000. ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು. ಹತ್ತರಲ್ಲೊಂದು ಭಾಗಕ್ಕೆ ಇಳಿಯಲು ಹೆಚ್ಚುಕಡಿಮೆ 9 ವರ್ಷ.

ಬಾಕಿ ಇಳಿದಂತೆ ಕನಿಷ್ಠ ಮೊತ್ತವೂ ಇಳಿಯುವುದೇ ಇದಕ್ಕೆ ಕಾರಣ. ನಿಮ್ಮ ಓಟ ತಿಂಗಳು ತಿಂಗಳು ನಿಧಾನವಾಗುತ್ತಾ ಹೋಗುತ್ತದೆ. ಅದರ ಬದಲು ಬಿಲ್ಲಿನಲ್ಲಿ ಏನೇ ಬರೆದಿರಲಿ, ಪ್ರತಿ ತಿಂಗಳೂ 5,000 ಎಂದು ಗಟ್ಟಿಯಾಗಿ ಹಿಡಿದುಕೊಂಡರೆ ಅದೇ ಸಾಲ 31 ತಿಂಗಳಲ್ಲಿ ಮುಗಿಯುತ್ತದೆ, ಒಟ್ಟು ಕಟ್ಟುವುದು ಸುಮಾರು 1,55,000. ಮೊದಲ ತಿಂಗಳುಗಳಲ್ಲಿ ಮಾತ್ರ ಕನಿಷ್ಠ ಮೊತ್ತ 5,000ಕ್ಕಿಂತ ಸ್ವಲ್ಪ ಮೇಲಿರಬಹುದು, ಆಗ ಅಷ್ಟನ್ನೇ ಕಟ್ಟಿ. 6,000 ಕಟ್ಟಿದರೆ 24 ತಿಂಗಳು, 7,000 ಕಟ್ಟಿದರೆ 19. ಬರೀ 3,000 ಕಟ್ಟಿದರೆ ಎಂದೆಂದಿಗೂ ಮುಗಿಯುವುದಿಲ್ಲ, ಯಾಕೆಂದರೆ ಅದು ಬಡ್ಡಿಗೇ ಸರಿಹೋಗುತ್ತದೆ. 3,000ಕ್ಕೂ 5,000ಕ್ಕೂ ನಡುವಿನ ಆ 2,000ದಲ್ಲೇ ಇಡೀ ಸಾಲ ಕರಗುವುದು.

ಬಾಕಿ ಇಟ್ಟುಕೊಂಡೇ ಕಾರ್ಡ್ ಬಳಸಬಹುದೇ? ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಇರುತ್ತವಲ್ಲ?

ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ ಆ ಸೌಲಭ್ಯ. ಸ್ವಲ್ಪ ಬಾಕಿ ಉಳಿಸಿಕೊಂಡರೂ ಸಾಮಾನ್ಯವಾಗಿ ಅದು ರದ್ದಾಗುತ್ತದೆ, ಇವತ್ತು ಕೊಂಡ ವಸ್ತುವಿಗೆ ಇವತ್ತಿನಿಂದಲೇ ಬಡ್ಡಿ ಓಡತೊಡಗುತ್ತದೆ. ಕಾರ್ಡಿನಿಂದ ನಗದು ತೆಗೆದರಂತೂ ಬಡ್ಡಿರಹಿತ ದಿನವೇ ಇರುವುದಿಲ್ಲ, ಮೇಲೆ ಶುಲ್ಕ ಬೇರೆ. ಹೀಗಾಗಿ ಬಾಕಿಯಿರುವ ಕಾರ್ಡನ್ನು ಪೆಟ್ಟಿಗೆಯೊಳಗಿಡಿ, ದಿನದ ಖರ್ಚಿಗೆ ನಗದು ಅಥವಾ ಡೆಬಿಟ್ ಕಾರ್ಡ್ ಬಳಸಿ. ಫೋನಿನ ಆ್ಯಪ್‌ಗಳಲ್ಲಿ ಉಳಿಸಿಟ್ಟಿರುವ ಕಾರ್ಡ್ ಸಂಖ್ಯೆಯನ್ನೂ ಅಳಿಸಿ. ಹದಿನಾರು ಅಂಕಿಯನ್ನು ಪ್ರತಿ ಸಲ ಕೈಯಾರೆ ಒತ್ತಬೇಕಾದಾಗ ಅನಗತ್ಯ ಖರೀದಿ ಅರ್ಧಕ್ಕೇ ನಿಂತುಬಿಡುವುದುಂಟು.

ಇನ್ನೊಂದು ವಿಷಯ. ಬಿಲ್ಲಿನ ಮೊತ್ತವನ್ನೆಲ್ಲ ಕಟ್ಟಿದ ಮೇಲೂ ಮುಂದಿನ ತಿಂಗಳು ಸಣ್ಣದೊಂದು ಬಡ್ಡಿ ಬಂದರೆ ಗಾಬರಿಯಾಗಬೇಡಿ. ಬಿಲ್ಲು ತಯಾರಾದ ದಿನಕ್ಕೂ ನೀವು ಕಟ್ಟಿದ ದಿನಕ್ಕೂ ನಡುವೆ ಓಡಿದ ಬಡ್ಡಿ ಅದು. ಆದರೆ ಅದನ್ನು ಗಮನಿಸದೆ ಬಿಟ್ಟರೆ ವಾಯಿದೆ ಮೀರಿ, ಅಷ್ಟು ಸಣ್ಣ ಮೊತ್ತಕ್ಕೇ ತಡಪಾವತಿ ಶುಲ್ಕ ಬೀಳುತ್ತದೆ. ಬಾಕಿ ಸೊನ್ನೆ ಎಂದು ಎರಡು ಬಿಲ್ಲಿನಲ್ಲಿ ಕಾಣುವವರೆಗೆ ನೋಡುತ್ತಿರಿ.

ನಾಲ್ಕೈದು ಸಾಲಗಳಿವೆ. ಯಾವುದನ್ನು ಮೊದಲು ತೀರಿಸಬೇಕು?

ಎಲ್ಲದಕ್ಕೂ ಕಡ್ಡಾಯದ ಕಂತು, ಹೆಚ್ಚುವರಿ ಹಣವೆಲ್ಲ ಒಂದಕ್ಕೇ. ಇದು ಮೊದಲ ನಿಯಮ. ಇರುವ 4,000ವನ್ನು ನಾಲ್ಕು ಸಾಲಕ್ಕೂ ಸಾವಿರ ಸಾವಿರ ಹಂಚಿದರೆ ಯಾವುದೂ ಬೇಗ ಮುಗಿಯುವುದಿಲ್ಲ, ಯಾವ ಕಂತೂ ಬಿಡುಗಡೆಯಾಗುವುದಿಲ್ಲ.

ಆ ಒಂದು ಯಾವುದು? ಲೆಕ್ಕವನ್ನು ಮಾತ್ರ ನೋಡಿದರೆ ಹೆಚ್ಚು ಬಡ್ಡಿ ದರದ್ದು. ಶೇ. 36ರ ಸಾಲಕ್ಕೆ 1,000 ಹೆಚ್ಚುವರಿ ಹಾಕಿದರೆ ಮುಂದಿನ ತಿಂಗಳಿನಿಂದ ತಿಂಗಳಿಗೆ 30 ಬಡ್ಡಿ ಉಳಿಯುತ್ತದೆ. ಅದೇ 1,000ವನ್ನು ಶೇ. 14ರ ಸಾಲಕ್ಕೆ ಹಾಕಿದರೆ ಉಳಿಯುವುದು 12ಕ್ಕೂ ಕಡಿಮೆ. ಬಾಕಿ ದೊಡ್ಡದೋ ಚಿಕ್ಕದೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ದೊಡ್ಡ ಮೊತ್ತದ ಗೃಹಸಾಲವನ್ನು ನೋಡಿ ಹೆದರಿ ಅದಕ್ಕೆ ಮೊದಲು ದುಡ್ಡು ತುಂಬುವವರು, ಪಕ್ಕದಲ್ಲೇ ಮೂರು ಪಟ್ಟು ದರದಲ್ಲಿ ಬೆಳೆಯುತ್ತಿರುವ ಕಾರ್ಡನ್ನು ಮರೆಯುತ್ತಾರೆ.

ಚಿಕ್ಕ ಬಾಕಿಯನ್ನು ಮೊದಲು ಮುಗಿಸುವ ಇನ್ನೊಂದು ದಾರಿಯೂ ಇದೆ. ಬಡ್ಡಿ ಸ್ವಲ್ಪ ಹೆಚ್ಚು ಹೋಗುತ್ತದೆ, ಆದರೆ ಪಟ್ಟಿಯಿಂದ ಒಂದು ಹೆಸರು ಬೇಗ ಹೊಡೆದುಹೋಗುತ್ತದೆ. ನಮ್ಮ ಅಭಿಪ್ರಾಯ ಹೀಗೆ: ದರದ ಕ್ರಮವನ್ನೇ ಹಿಡಿಯಿರಿ, ಆದರೆ ಎರಡು ಮೂರು ತಿಂಗಳಲ್ಲಿ ಮುಗಿಸಬಹುದಾದ ಸಣ್ಣ ಸಾಲವೊಂದಿದ್ದರೆ ಅದನ್ನು ಮೊದಲು ಮುಗಿಸಿ. ಅದರಿಂದ ಸಿಗುವ ಲಾಭ ಬರೀ ಸಮಾಧಾನವಲ್ಲ. ಅದರ ಕಂತು ಪೂರ್ತಿ ಬಿಡುಗಡೆಯಾಗಿ ಮುಂದಿನ ಸಾಲದ ಮೇಲೆ ಬೀಳುತ್ತದೆ. 20,000 ಬಾಕಿಗೆ 2,500 ಕಂತು ಹೋಗುತ್ತಿದೆ, 1,50,000 ಬಾಕಿಗೆ 5,000 ಹೋಗುತ್ತಿದೆ ಎನ್ನಿ. ಬಾಕಿಯನ್ನು ಕಂತಿನಿಂದ ಭಾಗಿಸಿದರೆ ಮೊದಲನೆಯದು 8, ಎರಡನೆಯದು 30. ತಿಂಗಳ ಕೊನೆಗೆ ಕೈ ಬಿಗಿಯಾಗುತ್ತಿರುವವರು ಈ ಅಂಕಿ ಕಡಿಮೆಯಿರುವ ಸಾಲವನ್ನು ಮುಗಿಸಿದರೆ ಉಸಿರಾಡಲು ಜಾಗ ಬೇಗ ಸಿಗುತ್ತದೆ.

ಒಂದು ಸಾಲ ಮುಗಿದಾಗ ಬಿಡುಗಡೆಯಾದ ಕಂತು ಮನೆಖರ್ಚಿಗೆ ಸೇರಿಹೋಗದಂತೆ ನೋಡಿಕೊಳ್ಳಿ. ಅದೇ ದಿನ, ಅದೇ ಮೊತ್ತಕ್ಕೆ ಮುಂದಿನ ಸಾಲಕ್ಕೆ ಸ್ವಯಂಚಾಲಿತ ಪಾವತಿಯ ಸೂಚನೆ ಕೊಟ್ಟುಬಿಡಿ. ಒಂದು ತಿಂಗಳು ಬಿಟ್ಟರೆ ಆ ಹಣ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಹೆಚ್ಚುವರಿ ಹಣ ಎಲ್ಲಿಂದ ತರಲಿ? ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ.

ಮೊದಲು ಕಳೆದ ಮೂರು ತಿಂಗಳ ಖಾತೆ ವಿವರವನ್ನು ತೆಗೆದು ಪ್ರತಿ ಖರ್ಚಿನ ಮುಂದೆ ಗುರುತು ಹಾಕಿ: ಬಿಡಲಾಗದ್ದು, ಕಡಿಮೆ ಮಾಡಬಹುದಾದದ್ದು, ಮರೆತೇಹೋದದ್ದು. ಮೂರನೆಯದರಲ್ಲಿ ಸಾಮಾನ್ಯವಾಗಿ ತಿಂಗಳು ತಿಂಗಳು ತಾನಾಗಿಯೇ ಕಡಿತವಾಗುವ ಚಂದಾಗಳು ಸಿಗುತ್ತವೆ. ಸಣ್ಣಪುಟ್ಟ ಆಸೆಗಳನ್ನೆಲ್ಲ ಕತ್ತರಿಸುವುದಕ್ಕಿಂತ ಬಾಡಿಗೆ, ವಾಹನ, ವಿಮೆ, ಫೋನಿನ ಯೋಜನೆಯಂಥ ದೊಡ್ಡ ಖರ್ಚುಗಳಲ್ಲಿ ಒಂದನ್ನು ಬದಲಾಯಿಸುವುದು ಹೆಚ್ಚು ಫಲ ಕೊಡುತ್ತದೆ. ಒಮ್ಮೆ ಬದಲಾಯಿಸಿದರೆ ಪ್ರತಿ ತಿಂಗಳೂ ಮನಸ್ಸನ್ನು ಹಿಡಿದಿಟ್ಟುಕೊಳ್ಳುವ ಶ್ರಮವಿಲ್ಲದೆ ಉಳಿತಾಯವಾಗುತ್ತಾ ಇರುತ್ತದೆ.

ಯೋಜನೆಗಳು ಮುರಿದು ಬೀಳುವುದು ಹೆಚ್ಚಾಗಿ ತಿಂಗಳ ಖರ್ಚಿನಲ್ಲಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ. ವಿಮೆಯ ಕಂತು, ಶಾಲೆಯ ಶುಲ್ಕ, ವಾಹನದ ರಿಪೇರಿ, ಮದುವೆ ಮುಂಜಿಯ ಉಡುಗೊರೆ. ಇವು ಬರುತ್ತವೆಂದು ಗೊತ್ತಿರುತ್ತದೆ, ಆದರೂ ಬಂದಾಗ ಆಕಸ್ಮಿಕದಂತೆ ಬರುತ್ತವೆ, ಮತ್ತೆ ಕಾರ್ಡ್ ಹೊರಗೆ ಬರುತ್ತದೆ. ವರ್ಷದ ಇಂಥ ಖರ್ಚುಗಳನ್ನು ಕೂಡಿಸಿ 12ರಿಂದ ಭಾಗಿಸಿ. 48,000 ಆದರೆ ತಿಂಗಳಿಗೆ 4,000. ಅಷ್ಟನ್ನು ಬೇರೆ ಖಾತೆಗೆ ಹಾಕಿದ ಮೇಲೆ ಉಳಿಯುವುದೇ ಸಾಲಕ್ಕೆ ಕೊಡಬಹುದಾದ ನಿಜವಾದ ಹೆಚ್ಚುವರಿ. ಅದು ಕಡಿಮೆಯೆನಿಸಬಹುದು. ಆದರೂ ಎರಡು ವರ್ಷ ತಪ್ಪದೆ ಕಟ್ಟಿದ 2,000, ನಾಲ್ಕು ತಿಂಗಳು ಕಟ್ಟಿ ಕೈಬಿಟ್ಟ 8,000ಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಆದಾಯ ಏರಿಳಿಯುವವರು ಸರಾಸರಿಯ ಮೇಲೆ ಯೋಜನೆ ಕಟ್ಟಬೇಡಿ. ಕಳೆದ 12 ತಿಂಗಳಲ್ಲಿ ತೀರ ಕಡಿಮೆ ಬಂದ ತಿಂಗಳನ್ನು ಆಧಾರವಾಗಿಟ್ಟುಕೊಂಡು ಕಡ್ಡಾಯದ ಕಂತುಗಳಿಗೆ ಹಣ ಮೀಸಲಿಡಿ, ಚೆನ್ನಾಗಿ ಬಂದ ತಿಂಗಳಿನಲ್ಲಿ ಹೆಚ್ಚುವರಿ ಕಟ್ಟಿ.

ಇಷ್ಟು ಸಾಲ ಇಟ್ಟುಕೊಂಡು ತುರ್ತುನಿಧಿ ಬೇರೆ ಬೇಕೇ?

ಬೇಕು, ಚಿಕ್ಕದು. ಉಳಿತಾಯಕ್ಕೆ ಶೇ. 6 ಸಿಗುತ್ತಿರುವಾಗ ಶೇ. 24 ಬಡ್ಡಿ ಕಟ್ಟುವುದು ನಷ್ಟವೇ ನಿಜ. ಆದರೆ ಕೈಯಲ್ಲಿ ಏನೂ ಇಲ್ಲದವರಿಗೆ ಒಂದು ಆಸ್ಪತ್ರೆ ಖರ್ಚು ಬಂದರೆ ಸಿಗುವುದು ಎಲ್ಲಕ್ಕಿಂತ ದುಬಾರಿ ಸಾಲ. ಒಂದು ತಿಂಗಳ ಬಿಡಲಾಗದ ಖರ್ಚಿನಷ್ಟು ಕೂಡಿಸಿ ಅಲ್ಲಿಗೆ ನಿಲ್ಲಿಸಿ, ಉಳಿದದ್ದೆಲ್ಲ ಸಾಲಕ್ಕೆ. ದುಬಾರಿ ಸಾಲಗಳು ಮುಗಿದ ಮೇಲೆ ಅದನ್ನು ಮೂರರಿಂದ ಆರು ತಿಂಗಳ ಖರ್ಚಿಗೆ ಏರಿಸಬಹುದು.

ಸಾಲ ಕೊಡುವಾಗ ಬಡ್ಡಿ ಶೇ. 12 ಎಂದರು. ಕಂತು ನೋಡಿದರೆ ಹೆಚ್ಚು ಅನಿಸುತ್ತಿದೆ.

ಶೇ. 12 ಯಾವುದರ ಮೇಲೆ ಎಂದು ಕೇಳಿ. ಉಳಿದ ಬಾಕಿಯ ಮೇಲೋ, ಮೊದಲು ಕೊಟ್ಟ ಪೂರ್ತಿ ಅಸಲಿನ ಮೇಲೋ? ಎರಡನೆಯದಕ್ಕೆ ಫ್ಲಾಟ್ ದರ ಎನ್ನುತ್ತಾರೆ. 1,00,000ಕ್ಕೆ ಮೂರು ವರ್ಷ ಫ್ಲಾಟ್ ಶೇ. 12 ಎಂದರೆ ಬಡ್ಡಿ 36,000, ತಿಂಗಳ ಕಂತು 3,778. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ ಇರುತ್ತದೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ. 21ಕ್ಕೆ ಸಮ.

ಮುಂಚೆಯೇ ಮುರಿದುಕೊಳ್ಳುವ ಶುಲ್ಕವನ್ನೂ ಬಡ್ಡಿಯೆಂದೇ ಎಣಿಸಿ. 10,000 ಸಾಲ ಮಂಜೂರಾಗಿ, 1,000 ಮುರಿದುಕೊಂಡು 9,000 ಕೈಗೆ ಬಂತು, 30 ದಿನದಲ್ಲಿ 10,000 ವಾಪಸ್ ಕೊಡಬೇಕು ಎನ್ನಿ. ಕಾಗದದಲ್ಲಿ ಬಡ್ಡಿ ಸೊನ್ನೆ ಎಂದಿದ್ದರೂ ತಿಂಗಳಿಗೆ ಶೇ. 11, ವರ್ಷದ ಲೆಕ್ಕದಲ್ಲಿ ಶೇ. 133. ಫೋನಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಣ್ಣ ಸಾಲಗಳು ಬೆನ್ನುಬಿಡದಿರುವುದು ಇದೇ ಕಾರಣಕ್ಕೆ. ಒಂದನ್ನು ತೀರಿಸಲು ಇನ್ನೊಂದನ್ನು ತೆಗೆದುಕೊಂಡ ಪ್ರತಿ ಸಲವೂ ಹತ್ತರಲ್ಲೊಂದು ಪಾಲು ಹೋಗುತ್ತದೆ.

ಕಂತಿನ ಸಾಲಕ್ಕೆ ತಿಂಗಳಿಗೆ ಸ್ವಲ್ಪ ಹೆಚ್ಚು ಕಟ್ಟಿದರೆ ಏನಾದರೂ ಪ್ರಯೋಜನವಿದೆಯೇ?

ಬಹಳ ಇದೆ. 5,00,000 ಸಾಲ, ಶೇ. 12, ಐದು ವರ್ಷ ಎಂದರೆ ಕಂತು 11,122. ಮೊದಲ ಕಂತಿನಲ್ಲಿ 5,000 ಬಡ್ಡಿಗೆ, 6,122 ಅಸಲಿಗೆ. ಒಟ್ಟು ಬಡ್ಡಿ ಸುಮಾರು 1,67,000. ಮೊದಲ ತಿಂಗಳಿನಿಂದಲೇ 2,000 ಸೇರಿಸಿ 13,122 ಕಟ್ಟಿದರೆ 48 ಕಂತು, ಮೇಲೊಂದು ಸಣ್ಣ ಮೊತ್ತ, ಅಷ್ಟಕ್ಕೆ ಮುಗಿಯುತ್ತದೆ. ಉಳಿಯುವ ಬಡ್ಡಿ 34,000ಕ್ಕೂ ಮೇಲೆ, ಸಮಯ ಹತ್ತಿರ ಹತ್ತಿರ ಒಂದು ವರ್ಷ. ಹೆಚ್ಚುವರಿ ಹಣದಲ್ಲಿ ಬಡ್ಡಿಗೆ ಪಾಲಿಲ್ಲ, ಪೂರ್ತಿ ಅಸಲಿಗೇ ಹೋಗುತ್ತದೆ. ಸಾಲದ ಮೊದಲ ವರ್ಷಗಳಲ್ಲಿ ಕಟ್ಟಿದಷ್ಟೂ ಲಾಭ ಹೆಚ್ಚು.

ಆದರೆ ಇಲ್ಲಿ ಎಡವಟ್ಟುಗಳು ಆಗುತ್ತವೆ. ಹೆಚ್ಚಿಗೆ ಕಟ್ಟಿದ ಹಣವನ್ನು ಸಂಸ್ಥೆ ಮುಂದಿನ ಕಂತಿನ ಮುಂಗಡವೆಂದು ಇಟ್ಟುಕೊಂಡರೆ ಅಸಲು ಒಂದಿಷ್ಟೂ ಇಳಿಯುವುದಿಲ್ಲ. "ಇದನ್ನು ಅಸಲಿಗೆ ಜಮಾ ಮಾಡಿ, ಕಂತು ಹಾಗೆಯೇ ಇರಲಿ, ಅವಧಿ ಕಡಿಮೆ ಮಾಡಿ" ಎಂದು ಬರೆದುಕೊಡಿ, ಮುಂದಿನ ತಿಂಗಳು ಹೊಸ ಕಂತುಪಟ್ಟಿ ಕೇಳಿ ತೆಗೆದುಕೊಂಡು ಬಾಕಿ ನೋಡಿ. ಅವಧಿ ಹಾಗೆಯೇ ಇಟ್ಟು ಕಂತು ಕಡಿಮೆ ಮಾಡಿಸಿಕೊಂಡರೆ ಕೈ ಸಡಿಲವಾಗುತ್ತದೆ, ಆದರೆ ಬಡ್ಡಿ ಉಳಿತಾಯ ಕಡಿಮೆ.

ಅವಧಿಪೂರ್ವ ಶುಲ್ಕವಿದ್ದರೆ ಅದನ್ನು ಉಳಿಯುವ ಬಡ್ಡಿಯ ಜೊತೆ ಹೋಲಿಸಿ. ಕೆಲವು ಸಾಲಗಳಲ್ಲಿ ಬಡ್ಡಿಯನ್ನು 78ರ ನಿಯಮದಂತೆ ಮೊದಲ ತಿಂಗಳುಗಳಿಗೇ ಹೆಚ್ಚಾಗಿ ಹಂಚಿರುತ್ತಾರೆ. 1ರಿಂದ 12ರವರೆಗಿನ ಅಂಕಿಗಳ ಮೊತ್ತ 78. 12 ತಿಂಗಳ ಸಾಲದಲ್ಲಿ ಮೊದಲ ತಿಂಗಳಿಗೆ ಬಡ್ಡಿಯ 78ರಲ್ಲಿ 12 ಪಾಲು, ಎರಡನೆಯದಕ್ಕೆ 11, ಹೀಗೆ. ಆರು ತಿಂಗಳು ಮುಗಿಯುವಷ್ಟರಲ್ಲಿ 57 ಪಾಲು, ಅಂದರೆ ಶೇ. 73ರಷ್ಟು ಬಡ್ಡಿ ಕಟ್ಟಿಯಾಗಿರುತ್ತದೆ. ಅಂಥ ಸಾಲವನ್ನು ಅರ್ಧದಾರಿಯಲ್ಲಿ ತೀರಿಸಲು ಹೋಗುವುದಕ್ಕಿಂತ ಆ ಹಣವನ್ನು ಬೇರೆ ಸಾಲಕ್ಕೆ ಹಾಕುವುದು ಲೇಸು.

ಎಲ್ಲ ಸಾಲವನ್ನೂ ಒಂದೇ ಸಾಲವಾಗಿ ಮಾಡಿಕೊಂಡರೆ ಹಗುರವಾಗುತ್ತದೆಯೇ?

ಕಂತು ಹಗುರವಾಗುತ್ತದೆ. ಸಾಲ ಹಗುರವಾಗುತ್ತದೆಯೇ ಎಂಬುದು ಅವಧಿಯ ಮೇಲಿದೆ. 2,00,000 ಬಾಕಿ, ಶೇ. 18, ಇನ್ನೆರಡು ವರ್ಷ: ಕಂತು 9,985, ಉಳಿದ ಬಡ್ಡಿ ಸುಮಾರು 39,600. ಶೇ. 14ಕ್ಕೆ ಐದು ವರ್ಷದ ಹೊಸ ಸಾಲ ಸಿಕ್ಕಿತು: ಕಂತು 4,654, ಒಟ್ಟು ಬಡ್ಡಿ ಸುಮಾರು 79,200. ದರ ಇಳಿದರೂ ಬಡ್ಡಿ ಎರಡು ಪಟ್ಟಾಯಿತು. ಅದೇ ಹೊಸ ಸಾಲಕ್ಕೆ ಹಳೆಯ 9,985ನ್ನೇ ಕಟ್ಟುತ್ತಾ ಹೋದರೆ 23 ತಿಂಗಳಲ್ಲಿ ಮುಗಿಯುತ್ತದೆ, ಬಡ್ಡಿ ಸುಮಾರು 29,000. ಲಾಭ ಬೇಕಿದ್ದರೆ ಹೊಸ ದರ ತೆಗೆದುಕೊಳ್ಳಿ, ಹಳೆಯ ಕಂತು ಬಿಡಬೇಡಿ. ಹೊಸ ಸಾಲದ ಶುಲ್ಕ, ಹಳೆಯದನ್ನು ಮುಚ್ಚುವ ಶುಲ್ಕ ಎರಡನ್ನೂ ಈ ಲೆಕ್ಕಕ್ಕೆ ಸೇರಿಸಿ.

ದೊಡ್ಡ ಅಪಾಯ ಬೇರೆಯೇ ಇದೆ. ಕಾರ್ಡಿನ ಬಾಕಿಯೆಲ್ಲ ಹೊಸ ಸಾಲಕ್ಕೆ ಹೋದ ಮೇಲೆ ಕಾರ್ಡುಗಳು ಖಾಲಿಯಾಗಿ ಕೂತಿರುತ್ತವೆ. ವರ್ಷದೊಳಗೆ ಅವು ಮತ್ತೆ ತುಂಬಿದರೆ ಎರಡೆರಡು ಸಾಲ. ಮಿತಿಯನ್ನು ಕಡಿಮೆ ಮಾಡಿಸದೆ ಒಗ್ಗೂಡಿಸಲು ಹೋಗಬೇಡಿ. ಮನೆಯನ್ನೋ ಒಡವೆಯನ್ನೋ ಅಡವಿಟ್ಟು ಕಾರ್ಡಿನ ಸಾಲ ತೀರಿಸುವ ಮುನ್ನವೂ ಯೋಚಿಸಿ. ದರ ಕಡಿಮೆ, ಹೌದು. ಆದರೆ ಮೊದಲು ಕಂತು ತಪ್ಪಿದರೆ ಬರೀ ಫೋನು ಬರುತ್ತಿತ್ತು, ಈಗ ಕಂತು ತಪ್ಪಿದರೆ ಮನೆಯೇ ಹೋಗಬಹುದು.

ಈ ತಿಂಗಳು ಕಂತು ಕಟ್ಟಲು ಆಗುವುದೇ ಇಲ್ಲ. ಏನು ಮಾಡಲಿ?

ವಾಯಿದೆಗೆ ಮುಂಚೆಯೇ ಹೇಳಿ. ಸುಸ್ತಿಯಾದ ಮೇಲೆ ಹೋದವರಿಗಿಂತ ಮುಂಚೆ ಹೋದವರಿಗೆ ದಾರಿಗಳು ಹೆಚ್ಚು ತೆರೆದಿರುತ್ತವೆ. ಹೋಗುವಾಗ ಆದಾಯ ಏಕೆ ಇಳಿಯಿತು ಎಂಬುದಕ್ಕೆ ದಾಖಲೆ, ತಿಂಗಳ ಖರ್ಚಿನ ಪಟ್ಟಿ, ಎಷ್ಟು ಕಟ್ಟಬಲ್ಲಿರಿ ಎಂಬ ಸ್ಪಷ್ಟ ಅಂಕಿ ಒಯ್ಯಿರಿ. "ಸ್ವಲ್ಪ ಕಡಿಮೆ ಮಾಡಿ" ಎನ್ನುವುದಕ್ಕಿಂತ "ಆರು ತಿಂಗಳು 6,000 ಕಟ್ಟುತ್ತೇನೆ, ಆಮೇಲೆ ಹಳೆಯ ಕಂತು" ಎನ್ನಿ. ಒಪ್ಪಲಾಗದ ಮೊತ್ತವನ್ನು ಸಂಕೋಚಕ್ಕೆ ಒಪ್ಪಿಕೊಂಡು ಬರಬೇಡಿ. ಮುರಿದ ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ.

ಕೆಲವು ತಿಂಗಳ ಕಂತು ಮುಂದೂಡಿಕೊಡುತ್ತೇವೆ ಎಂದರೆ ಅದು ಮನ್ನಾ ಅಲ್ಲ. ಬಡ್ಡಿ ಓಡುತ್ತಲೇ ಇರುತ್ತದೆ, ಅಸಲಿಗೆ ಸೇರುತ್ತದೆ. ಮೇಲಿನ 5,00,000 ಸಾಲದಲ್ಲೇ ಆರಂಭದ ಮೂರು ಕಂತು ಮುಂದೂಡಿದರೆ ಬಾಕಿ 5,15,150 ಆಗುತ್ತದೆ. ಅದೇ ಕಂತಿನಲ್ಲಿ ಮುಂದುವರಿದರೆ ಕೊನೆಗೆ ಸುಮಾರು 28,000 ಹೆಚ್ಚು ಕಟ್ಟಬೇಕು, ಅಂದರೆ ಎರಡೂವರೆ ಕಂತು. ಬೇರೆ ದಾರಿಯಿಲ್ಲದಾಗ ಇದನ್ನು ಬಳಸಿಕೊಳ್ಳಿ, ಆದರೆ ಬೆಲೆ ತಿಳಿದು ಬಳಸಿ.

ಎಲ್ಲರಿಗೂ ಕೊಡುವಷ್ಟು ಹಣವಿಲ್ಲದಾಗ ಕ್ರಮ ಹೀಗಿರಲಿ: ಮೊದಲು ಊಟ, ಔಷಧಿ, ಇರುವ ಸೂರು, ವಿದ್ಯುತ್ತು, ನೀರು. ಆಮೇಲೆ ತಪ್ಪಿದರೆ ಮನೆಯನ್ನೋ ದುಡಿಮೆಯ ವಾಹನವನ್ನೋ ಕಸಿಯುವ ಸಾಲ. ಅಡವಿಲ್ಲದ ಸಾಲಗಳು ಅದರ ನಂತರ. ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕೊಟ್ಟುಬಿಡುವುದು ಸಹಜ, ಆದರೆ ಜೋರಾಗಿ ಕೂಗುವವರು ಹೆಚ್ಚಾಗಿ ಅಡವಿಲ್ಲದ ಸಾಲದವರೇ.

ವಸೂಲಿಯವರು ಬೆದರಿಸುತ್ತಿದ್ದಾರೆ.

ಸಾಲ ಉಳಿಸಿಕೊಂಡಿರುವುದು ನಿಮ್ಮನ್ನು ಅವಮಾನಿಸಲು ಯಾರಿಗೂ ಕೊಟ್ಟ ಪರವಾನಗಿಯಲ್ಲ. ಬೈಗುಳ, ಕೈಮಾಡುವ ಬೆದರಿಕೆ, ನೆರೆಹೊರೆಯವರಿಗೋ ಸಹೋದ್ಯೋಗಿಗಳಿಗೋ ಹೇಳಿ ನಾಚಿಸುವುದು, ಹೊತ್ತುಗೊತ್ತಿಲ್ಲದ ಕರೆ ಇವುಗಳ ವಿರುದ್ಧ ಹಲವು ದೇಶಗಳಲ್ಲಿ ನಿಯಮಗಳಿವೆ. ಕರೆ ಮಾಡಿದವರ ಹೆಸರು, ಸಂಸ್ಥೆ, ದಿನ, ಹೊತ್ತು ಬರೆದಿಟ್ಟುಕೊಳ್ಳಿ, ಸಂದೇಶಗಳನ್ನು ಅಳಿಸಬೇಡಿ. ಸಾಲ ಯಾರದು, ಬಾಕಿ ಎಷ್ಟು, ವಸೂಲಿಗೆ ಇವರಿಗೆ ಅಧಿಕಾರ ಕೊಟ್ಟವರು ಯಾರು ಎಂಬುದನ್ನು ಬರಹದಲ್ಲಿ ಕೇಳಿ. ದೂರನ್ನು ಮೊದಲು ಸಾಲ ಕೊಟ್ಟ ಸಂಸ್ಥೆಗೆ, ಅಲ್ಲಿ ಆಗದಿದ್ದರೆ ಅದರ ಮೇಲಿನ ನಿಯಂತ್ರಕರಿಗೆ, ಬೆದರಿಕೆಯಿದ್ದರೆ ನೇರವಾಗಿ ಪೊಲೀಸರಿಗೆ ಕೊಡಿ. ಮನೆಗೆ ಬಂದವರ ಕೈಗೆ ರಸೀದಿಯಿಲ್ಲದೆ ನಗದು ಕೊಡಬೇಡಿ.

ಬಹಳ ಹಳೆಯ ಸಾಲವೊಂದು ದಿಢೀರನೆ ಎದ್ದುಬಂದರೆ "ಸದ್ಯಕ್ಕೆ 500 ಕಟ್ಟಿ" ಎಂಬ ಮಾತಿಗೆ ಒಪ್ಪುವ ಮೊದಲು ವಕೀಲರನ್ನು ಕೇಳಿ. ಸಾಲ ವಸೂಲಿಯ ದಾವೆಗೆ ಕಾಲಮಿತಿ ಇರುತ್ತದೆ. ಹಲವು ದೇಶಗಳಲ್ಲಿ ಸಣ್ಣದೊಂದು ಪಾವತಿ ಅಥವಾ ಬರಹದ ಒಪ್ಪಿಗೆ ಆ ಗಡಿಯಾರವನ್ನು ಮತ್ತೆ ಮೊದಲಿನಿಂದ ಓಡಿಸುತ್ತದೆ.

ಈ ಒತ್ತಡದಲ್ಲಿ ನಿದ್ದೆಗೆಟ್ಟು, ಬದುಕೇ ಬೇಡವೆನಿಸುತ್ತಿದ್ದರೆ ಹಾಳೆ, ಲೆಕ್ಕ ಎಲ್ಲವನ್ನೂ ಬದಿಗಿಡಿ. ಇವತ್ತೇ ಮನೆಯವರೊಬ್ಬರಿಗೆ, ವೈದ್ಯರಿಗೆ ಅಥವಾ ನಿಮ್ಮಲ್ಲಿಯ ಸಹಾಯವಾಣಿಗೆ ಹೇಳಿ. ಕಟ್ಟಲಾಗದ ಸಾಲಕ್ಕೆ ಕಂತು ಬದಲಾವಣೆಯಿಂದ ಹಿಡಿದು ನ್ಯಾಯಾಲಯದ ದಿವಾಳಿ ಪ್ರಕ್ರಿಯೆಯವರೆಗೆ ದಾರಿಗಳಿವೆ. ನಿಮ್ಮ ಜೀವಕ್ಕೆ ಸಮನಾದ ಸಾಲ ಯಾವುದೂ ಇಲ್ಲ.

ಒಂದಿಷ್ಟು ಕಟ್ಟಿ ರಾಜಿ ಮಾಡಿಕೊಳ್ಳಿ, ಉಳಿದದ್ದು ಬಿಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಲೇ?

ಪೂರ್ತಿ ಕಟ್ಟುವ ದಾರಿ ನಿಜವಾಗಿಯೂ ಮುಚ್ಚಿದ್ದರೆ ಮಾತ್ರ. ಹೀಗೆ ಮುಗಿದ ಸಾಲ ಕ್ರೆಡಿಟ್ ವರದಿಯಲ್ಲಿ ಪೂರ್ತಿ ತೀರಿದ್ದೆಂದು ಬರುವುದಿಲ್ಲ, ರಾಜಿಯಾದದ್ದೆಂದೇ ಬರುತ್ತದೆ, ಮುಂದೆ ವರ್ಷಗಟ್ಟಲೆ ಸಾಲ ಸಿಗುವುದಕ್ಕೆ ಅಡ್ಡವಾಗಬಹುದು. ಬಿಟ್ಟ ಮೊತ್ತವನ್ನು ಕೆಲವು ದೇಶಗಳಲ್ಲಿ ಆದಾಯವೆಂದು ಎಣಿಸಿ ತೆರಿಗೆ ಹಾಕುವುದೂ ಉಂಟು.

ಒಪ್ಪುವುದಾದರೆ ಹಣ ಕಟ್ಟುವ ಮುನ್ನ ಸಂಸ್ಥೆಯ ಪತ್ರ ಕೈಯಲ್ಲಿರಬೇಕು. ಸಾಲದ ಸಂಖ್ಯೆ, ಕಟ್ಟಬೇಕಾದ ಮೊತ್ತ, ಕೊನೆಯ ತಾರೀಖು, ಇದರಿಂದ ಪೂರ್ತಿ ಸಾಲ ಮುಗಿಯಿತು ಎಂಬ ವಾಕ್ಯ, ಇವಿಷ್ಟೂ ಅದರಲ್ಲಿರಲಿ. ಫೋನಿನಲ್ಲಿ ಆದ ಮಾತನ್ನು ನಂಬಿ ಕಟ್ಟಿದವರಿಗೆ, ಅದು ಬಾಕಿಯ ಒಂದು ಭಾಗವಷ್ಟೇ ಎಂಬ ಉತ್ತರ ಆಮೇಲೆ ಬರುತ್ತದೆ. ಮುಂಗಡ ಶುಲ್ಕ ಕೊಡಿ, ನಿಮ್ಮ ಸಾಲವನ್ನು ನಾವು ಅರ್ಧ ಮಾಡಿಸುತ್ತೇವೆ ಎನ್ನುವ ಮಧ್ಯವರ್ತಿಗಳಿಂದ ದೂರವಿರಿ. ಅವರು ಕೇಳುವುದನ್ನು ನೀವೇ ಕೇಳಬಹುದು.

ಬಂಧುಗಳಿಂದ ಕೈಸಾಲ ಪಡೆದು ದುಬಾರಿ ಸಾಲ ತೀರಿಸಬಹುದೇ?

ತೀರಿಸಬಹುದು, ಬರಹದಲ್ಲಿ ಇದ್ದರೆ. ಮೊತ್ತ, ತಿಂಗಳಿಗೆ ಎಷ್ಟು, ಯಾವ ತಾರೀಖು, ಒಂದು ತಿಂಗಳು ಆಗದಿದ್ದರೆ ಏನು ಎಂಬುದು ಇಬ್ಬರ ಬಳಿಯೂ ಇರಲಿ. ಬಡ್ಡಿಯಿಲ್ಲವೆಂದು ಪಟ್ಟಿಯ ಕೊನೆಗೆ ತಳ್ಳಬೇಡಿ. ಅದಕ್ಕೂ ಒಂದು ಕಂತು ಗೊತ್ತುಮಾಡಿ ಬ್ಯಾಂಕಿನ ಮೂಲಕವೇ ಕಳಿಸಿ.

ನಿಮ್ಮನ್ನೇ ಯಾರಾದರೂ ಜಾಮೀನು ಕೇಳಿದರೆ ಒಂದು ವಿಷಯ ನೆನಪಿರಲಿ: ಜಾಮೀನುದಾರರ ಹೊಣೆ ಸಾಮಾನ್ಯವಾಗಿ ಪೂರ್ತಿ ಬಾಕಿಗೆ, ಬಡ್ಡಿ ಸಮೇತ. ಆ ಮೊತ್ತವನ್ನು ನಿಮ್ಮ ಹಾಳೆಯಲ್ಲೂ ಒಂದು ಸಾಲಾಗಿ ಬರೆದು ನೋಡಿ, ಆಮೇಲೆ ಉತ್ತರ ಕೊಡಿ.

ಸಾಲ ತೀರಿಸುವುದೋ, ಹೂಡಿಕೆ ಮಾಡುವುದೋ?

ಶೇ. 18ರ ಸಾಲಕ್ಕೆ ಕಟ್ಟಿದ ಹಣ ಖಚಿತವಾಗಿ ಶೇ. 18 ಉಳಿಸುತ್ತದೆ. ಅಷ್ಟನ್ನು ಖಚಿತವಾಗಿ ಕೊಡುವ ಹೂಡಿಕೆ ಇಲ್ಲ. ಉದ್ಯೋಗದಾತರು ನೀವು ಹಾಕಿದಷ್ಟೇ ತಾವೂ ಸೇರಿಸುವ ನಿವೃತ್ತಿ ನಿಧಿ ಇದ್ದರೆ ಅದನ್ನು ನಿಲ್ಲಿಸಬೇಡಿ. ಕಡಿಮೆ ದರದ ಗೃಹಸಾಲವೊಂದೇ ಉಳಿದಿದ್ದರೆ ಎರಡನ್ನೂ ಜೊತೆಯಲ್ಲಿ ನಡೆಸಬಹುದು.

ನಡುವೆ ಒಂದು ತಿಂಗಳು ತಪ್ಪಿತು, ಮತ್ತೆ ಕಾರ್ಡ್ ಬಳಸಿಬಿಟ್ಟೆ. ಎಲ್ಲ ಹಾಳಾಯಿತೇ?

ಇಲ್ಲ. ಯಾವ ಖರ್ಚಿನಿಂದ ತಪ್ಪಿತು ಎಂದು ನೋಡಿ. ವರ್ಷದ ಖರ್ಚಾಗಿದ್ದರೆ ಅದನ್ನು 12ರ ಲೆಕ್ಕಕ್ಕೆ ಸೇರಿಸಿ, ಆಕಸ್ಮಿಕವಾಗಿದ್ದರೆ ತುರ್ತುನಿಧಿಯನ್ನು ಮತ್ತೆ ತುಂಬಿ. ಎರಡೂ ಅಲ್ಲದಿದ್ದರೆ ಯೋಜನೆ ಬಹುಶಃ ತೀರ ಬಿಗಿಯಾಗಿದೆ, ಹೆಚ್ಚುವರಿ ಮೊತ್ತವನ್ನು ಸ್ವಲ್ಪ ಇಳಿಸಿ. ಸಂಗಾತಿಗೆ ತಿಳಿಯದಂತೆ ಸಾಲ ತೀರಿಸಲು ಹೊರಟವರ ಯೋಜನೆಗಳು ಹೀಗೆ ಪದೇ ಪದೇ ಮುರಿಯುತ್ತವೆ, ಯಾಕೆಂದರೆ ಮನೆಯ ಅರ್ಧ ಖರ್ಚು ಅವರ ಕೈಯಲ್ಲಿರುವುದಿಲ್ಲ. ಹಾಳೆಯನ್ನು ಇಬ್ಬರೂ ಕೂತು ನೋಡಿ.

ಕೊನೆಯ ಕಂತು ಕಟ್ಟಿಯಾಯಿತು. ಇನ್ನೇನಾದರೂ ಇದೆಯೇ?

ಇದೆ. ಇನ್ನೇನೂ ಬಾಕಿಯಿಲ್ಲ ಎಂದು ಹೇಳುವ ಬೇಬಾಕಿ ಪತ್ರವನ್ನು ಬರಹದಲ್ಲಿ ಪಡೆಯಿರಿ, ಅದರಲ್ಲಿ ಸಾಲದ ಸಂಖ್ಯೆಯೂ ಖಾತೆ ಮುಚ್ಚಿದ ದಿನಾಂಕವೂ ಇರಲಿ. ಅಡವಿಟ್ಟಿದ್ದ ಮೂಲಪತ್ರಗಳನ್ನು ಒಂದೊಂದಾಗಿ ಎಣಿಸಿ ವಾಪಸ್ ತೆಗೆದುಕೊಳ್ಳಿ. ಆಸ್ತಿಯ ಅಥವಾ ವಾಹನದ ನೋಂದಣಿಯಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ ತೆಗೆಸಿ, ಅದು ತಾನಾಗಿಯೇ ಹೋಗಿದೆಯೆಂದು ಬಿಡಬೇಡಿ. ಮಾರುವ ದಿನ ಬಂದಾಗ ಅದೇ ತೊಡಕಾಗುತ್ತದೆ. ಬ್ಯಾಂಕಿನಲ್ಲಿ ಕೊಟ್ಟಿದ್ದ ಸ್ವಯಂಚಾಲಿತ ಪಾವತಿಯ ಸೂಚನೆಯನ್ನು ರದ್ದು ಮಾಡಿ, ಕೊಟ್ಟಿದ್ದ ಖಾಲಿ ಚೆಕ್ಕುಗಳನ್ನು ಕೇಳಿ ಪಡೆಯಿರಿ. ಎರಡು ಮೂರು ತಿಂಗಳ ನಂತರ ಕ್ರೆಡಿಟ್ ವರದಿ ತರಿಸಿ, ಆ ಸಾಲದ ಮುಂದೆ ಬಾಕಿ ಸೊನ್ನೆ, ಖಾತೆ ಮುಚ್ಚಿದೆ ಎಂದಿದೆಯೇ ನೋಡಿ. ಇಲ್ಲದಿದ್ದರೆ ಬೇಬಾಕಿ ಪತ್ರದ ಪ್ರತಿಯೊಂದಿಗೆ ತಿದ್ದುಪಡಿಗೆ ಅರ್ಜಿ ಹಾಕಿ.